ಮನೆಯ ನ್ಯಾಸ್‌ಗೆ ಯಾವ ಪ್ರೋಟೋಕಾಲ್?

ಮನೆಯ ಜಾಲದಲ್ಲಿ ಎಲ್ಲರ ಫೈಲುಗಳನ್ನು ಇಡುವ ಹೊಸ ನ್ಯಾಸ್ ಪೆಟ್ಟಿಗೆಯ ಸೆಟ್ಟಿಂಗ್ಸ್ ತೆರೆದರೆ ಎಸ್‌ಎಂಬಿ, ಎನ್‌ಎಫ್‌ಎಸ್, ಎಎಫ್‌ಪಿ, ಎಫ್‌ಟಿಪಿ ಎಂದು ಸಾಲಾಗಿ ಫೈಲು ಹಂಚುವ ಪ್ರೋಟೋಕಾಲ್‌ಗಳ ಹೆಸರುಗಳು ಕಾಣುತ್ತವೆ. ಇರಲಿ ಎಂದು ಎಲ್ಲವನ್ನೂ ಆನ್ ಮಾಡಬೇಡಿ. ಬಳಸದ ಪ್ರತಿಯೊಂದು ಸೇವೆಯೂ ಚಿಲಕ ಹಾಕದ ಹಿತ್ತಿಲ ಬಾಗಿಲು.

ಹೆಚ್ಚಿನ ಮನೆಗಳಿಗೆ ಎಸ್‌ಎಂಬಿ ಒಂದೇ ಸಾಕು. ವಿಂಡೋಸ್, ಮ್ಯಾಕ್, ಲಿನಕ್ಸ್, ಫೋನು ಎಲ್ಲವೂ ಅದನ್ನು ಬಲ್ಲವು. ಆಪಲ್ ಕೂಡ 2013ರಲ್ಲೇ ತನ್ನ ಎಎಫ್‌ಪಿಯನ್ನು ಹಿಂದೆ ಸರಿಸಿ ಎಸ್‌ಎಂಬಿಗೆ ಮೊದಲ ಸ್ಥಾನ ಕೊಟ್ಟಿತು. ಮ್ಯಾಕ್‌ನ ಟೈಮ್ ಮೆಷಿನ್ ಬ್ಯಾಕಪ್ ಕೂಡ ಇದರಲ್ಲೇ ಆಗುತ್ತದೆ.

ಆದರೆ ಎಸ್‌ಎಂಬಿಯಲ್ಲೂ ಆವೃತ್ತಿ ನೋಡಲೇಬೇಕು. 2017ರ ಮೇ ತಿಂಗಳಲ್ಲಿ ಜಗತ್ತಿನ ಆಸ್ಪತ್ರೆ, ಕಚೇರಿಗಳನ್ನು ಕಂಗೆಡಿಸಿದ ವಾನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ವಿಂಡೋಸ್‌ನ ಹಳೆಯ ಎಸ್‌ಎಂಬಿ 1ರ ಲೋಪದ ಮೂಲಕ. ಕನಿಷ್ಠ ಆವೃತ್ತಿಯನ್ನು 2 ಅಥವಾ 3ಕ್ಕೆ ಇಡಿ. ಗೂಢಲಿಪೀಕರಣ ಬೇಕಿದ್ದರೆ 3 ಬೇಕು. ಯಾವುದೋ ಹಳೇ ಸ್ಕ್ಯಾನರ್ 1ನ್ನೇ ಕೇಳಿದರೆ, ದಯವಿಟ್ಟು ಅದಕ್ಕಾಗಿ ಮನೆಯವರ ಫೋಟೋಗಳನ್ನೆಲ್ಲ ಅಪಾಯಕ್ಕೆ ಒಡ್ಡಬೇಡಿ.

ಲಿನಕ್ಸ್ ಸರ್ವರ್‌ಗಳಿಗೆ ಎನ್‌ಎಫ್‌ಎಸ್ ಚೆನ್ನ. ಆದರೆ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಅದು ಪಾಸ್‌ವರ್ಡ್ ಕೇಳುವುದಿಲ್ಲ, ಕಂಪ್ಯೂಟರಿನ ಐಪಿ ವಿಳಾಸವನ್ನೇ ನಂಬುತ್ತದೆ. ಹಾಗಾಗಿ ಅನುಮತಿಸಿದ ವಿಳಾಸಗಳ ಪಟ್ಟಿ ಚಿಕ್ಕದಿರಲಿ.

ಎಫ್‌ಟಿಪಿ ಬೇಡವೇ ಬೇಡ; ಪಾಸ್‌ವರ್ಡ್ ಬಯಲಾಗಿಯೇ ಹೋಗುತ್ತದೆ. ಬದಲಿಗೆ ಎಸ್‌ಎಫ್‌ಟಿಪಿ ಇದೆ. ಊರಿಂದಾಚೆ ಇದ್ದಾಗಲೂ ಫೈಲು ಬೇಕೆಂದು ರೂಟರ್‌ನಲ್ಲಿ ಎಸ್‌ಎಂಬಿಯ 445ನೇ ಪೋರ್ಟ್ ತೆರೆಯಬೇಡಿ, ವಿಪಿಎನ್ ಮೂಲಕ ಮನೆಯ ಜಾಲಕ್ಕೆ ಬನ್ನಿ.