ಯಾವ ಮರ ಎಂದು ಕೇಳಿದೆ

ಮೊನ್ನೆ ತಂಗಿಯ ಮೊಮ್ಮಗಳು ಬಂದಿದ್ದಳು. "ಅಜ್ಜಿ, ಪತ್ರಿಕೆಗೆ ಲೇಖನ ಬರೆದು ಸಾಕಾಯ್ತು. ಇನ್ನು ಮಕ್ಕಳ ಚಿತ್ರಪುಸ್ತಕ ಬರೀತೀನಿ. ಹತ್ತು ಸಾಲು ಬರೆದರೆ ಮುಗೀತು, ಅಲ್ವಾ?" ಅಂದಳು. ಚನ್ನಪಟ್ಟಣದ ಗೊಂಬೆಗಳ ಬಗ್ಗೆ ಅವಳು ಬರೆದದ್ದನ್ನು ಓದಿದ್ದೆ. "ಅದು ಯಾವ ಮರ?" ಎಂದು ಕೇಳಿದೆ. ಫೋನ್ ಕೈಗೆತ್ತಿಕೊಂಡಳು.

ಬೈಯುವ ಬಾಯಿ ನನಗಿಲ್ಲ. ನಾನೂ ಮೊದಲ ಸಲ ಆ ಊರಿಗೆ ಹೋದಾಗ ಅರ್ಧ ಗಂಟೆ ನಿಂತು, "ಅಳಿವಿನಂಚಿನ ಕಲೆ" ಎಂದು ತಲೆಬರಹ ಕೊಟ್ಟು ಮಧ್ಯಾಹ್ನದ ಬಸ್ಸಿಗೆ ವಾಪಸಾಗಿದ್ದೆ. ಯಾವ ಕಸುಬಿಗಾದರೂ ಅಂಟಿಸಬಹುದಾದ ಮಾತು ಅದು. ಎರಡನೆಯ ಸಲ ಹೋಗಿ ದಿನವಿಡೀ ಕುಳಿತೆ. ಹಾಲೆಮರದ ತುಂಡು ಲೇತಿನಲ್ಲಿ ಗಿರಗಿರನೆ ತಿರುಗುತ್ತಿತ್ತು. ಮುದುಕರೊಬ್ಬರು ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರು. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿತು. ಮೇಲೆ ತಾಳೆಗರಿ ಒತ್ತಿದರು, ಹೊಳಪು ಬಂತು. ಕುಂಚವೇ ಇಲ್ಲದೆ ಬಣ್ಣ! ಬಾಯಿ ಬಿಟ್ಟು ನೋಡಿದೆ. ವರ್ಷಗಳ ಮೇಲೆ ನನ್ನ ಮೊದಲ ಮಕ್ಕಳ ಪುಸ್ತಕ ಹುಟ್ಟಿದ್ದು ಆ ಬಿಟ್ಟ ಬಾಯಿಂದ.

ಅವಳ ಹಾಗೆ ಲೇಖನ ಬರೆಯುವ ನೀವು ನಾಲ್ಕು ಫೋಟೊ ತೆಗೆದು, ಎರಡು ಮಾತು ರೆಕಾರ್ಡ್ ಮಾಡಿ ಹೊರಟುಬಿಡುತ್ತೀರಿ. ಹಾಗೆ ಮಾಡಬೇಡಿ. ಕೈ ಏನು ಮಾಡುತ್ತದೆ ಎಂದು ಬರೆದುಕೊಳ್ಳಿ. ಇಳಕಲ್ಲಿಗೆ ಹೋದರೆ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುವುದನ್ನು ಹತ್ತಿರ ಕುಳಿತು ನೋಡಿ. "ಅದು ಹೇಗೆ?" ಎಂದು ನಾಳೆ ಮಗು ಕೇಳಿದಾಗ ನಿಮ್ಮ ಬಳಿ ಉತ್ತರ ಇರಬೇಕು.

ನನ್ನ ಆ ಮೊದಲ ಪುಸ್ತಕದ ಹಸ್ತಪ್ರತಿಯಲ್ಲಿ "ಕೆಂಪು ಬಣ್ಣದ ಪುಟ್ಟ ಕುದುರೆ" ಎಂದಿತ್ತು. ಚಿತ್ರ ಬರೆಯುವವರು, "ಕೆಂಪು, ಪುಟ್ಟ ಎರಡೂ ನನ್ನ ಕೆಲಸ" ಎಂದು ಹೊಡೆದುಹಾಕಿದರು. ಎರಡು ದಿನ ಮುನಿಸಿಕೊಂಡಿದ್ದೆ. ಆಮೇಲೆ 900 ಪದ 200ಕ್ಕಿಳಿಯಿತು. ಕಾದಂಬರಿ ಬರೆದಿದ್ದರೂ ಅಷ್ಟು ಬೆವರುತ್ತಿರಲಿಲ್ಲವೇನೋ. ಚಿತ್ರಪುಸ್ತಕಕ್ಕೆ ಸಾಮಾನ್ಯವಾಗಿ 32 ಪುಟ, ಕೆಲವಕ್ಕೆ ಇನ್ನೂ ಕಡಿಮೆ. ಪ್ರತಿ ಹಾಳೆ ಮಗುಚುವಾಗಲೂ ಮುಂದೇನು ಎಂಬ ಆಸೆ ಉಳಿಯಬೇಕು. ಮಕ್ಕಳಿಗೆ ಕಥೆ, ಪದ್ಯ ಬರೆದ ಪಂಜೆ ಮಂಗೇಶರಾಯರು ಮೇಷ್ಟರಾಗಿ ದಿನವೂ ಮಕ್ಕಳ ಮುಂದೆ ನಿಂತವರು. ನೀವೂ ನಾಲ್ಕು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ. ಎಲ್ಲಿ ಅವು ಕಿಟಕಿ ಕಡೆ ತಿರುಗುತ್ತವೋ ಅಲ್ಲಿ ಕತ್ತರಿ ಹಾಕಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಐವತ್ತಾದರೂ ಓದದೆ ಮೊದಲ ಸಾಲು ಬರೆಯಬೇಡಿ. ಫೋನಿಗೆ ಆ ಕೆಲಸ ಕೊಡಿ.

ದುಡ್ಡಿನ ಮಾತೂ ಆಡಿಬಿಡುತ್ತೇನೆ. ಪುಸ್ತಕ ಬಂದೊಡನೆ ಲೇಖನ ಬಿಡಬೇಡಿ, ತಿಂಗಳ ಅಕ್ಕಿ ಬೇಳೆ ಬರುವುದು ಅದರಿಂದಲೇ. ಕರಾರು ಓದದೆ ಸಹಿ ಹಾಕಬೇಡಿ. ನಾನು ಹಾಕಿದ್ದೆ. ಕೈಗೆ ಬಂದ ಸಣ್ಣ ಮೊತ್ತ ಮೂರು ತಿಂಗಳಲ್ಲಿ ಖರ್ಚಾಯಿತು, ಪುಸ್ತಕ ಬೇರೆ ಭಾಷೆಗಳಿಗೆ ಹೋದಾಗ ನನಗೆ ಒಂದು ಪ್ರತಿಯೂ ಬರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಕ್ಕು ಬರೆದುಕೊಡುವ ಕರಾರಿನಲ್ಲಿ ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷ. ನನ್ನ ಕರಾರಿನಲ್ಲಿ "ಶಾಶ್ವತವಾಗಿ" ಎಂದಿತ್ತು.

ಚನ್ನಪಟ್ಟಣ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್, ರೈಲೂ ಇದೆ. ಬರುವ ಶನಿವಾರ ಹೋಗಿಬನ್ನಿ. ಮೊದಲ ಒಂದು ಗಂಟೆ ಏನೂ ಕೇಳದೆ ಸುಮ್ಮನೆ ಕುಳಿತಿರಿ.