ಆಷಾಢದಲ್ಲಿ ಬಂದ ವಿಲ್ಮಾ

ಡಿಟಿಪಿ ಅಂಗಡಿಯವರಿಗೆ ವರ್ಷದಲ್ಲಿ ಕೈ ಬಿಡುವಾಗುವ ಕಾಲವೆಂದರೆ ಆಷಾಢ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಲಗ್ನಪತ್ರಿಕೆ ಅಚ್ಚಿಗೆ ಹೋದ ಮೇಲೆ ‘ಚಿಕ್ಕಪ್ಪನ ಹೆಸರು ಬಿಟ್ಟುಹೋಯ್ತಲ್ಲ ಮಾರಾಯ್ರೆ’ ಎಂದು ರಾತ್ರಿ ಫೋನ್ ಮಾಡುವವರೂ ಇಲ್ಲ. ನಮ್ಮ ಅಂಗಡಿ ನಂಬಿದ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್‌ನ 22ನೇ ಆವೃತ್ತಿ, ಅಂದರೆ ‘ವಿಲ್ಮಾ’, ಬಿಡುಗಡೆಯಾದದ್ದು 2024ರ ಜುಲೈ ಕೊನೆಯಲ್ಲಿ, ಸರಿಯಾಗಿ ಆಷಾಢದಲ್ಲಿ. ಅದನ್ನು ಕಟ್ಟಿದವರಿಗೆ ನಮ್ಮ ಪಂಚಾಂಗ ಗೊತ್ತಿರಲಾರದು. ಆದರೂ ಇಷ್ಟು ಅನುಕೂಲದ ಮುಹೂರ್ತ ಯಾವ ಪುರೋಹಿತರೂ ಇಟ್ಟುಕೊಡುತ್ತಿರಲಿಲ್ಲ.

ಸಾಗರದ ಪೇಟೆಯಲ್ಲಿರುವ ನಮ್ಮ ಅಂಗಡಿಯಲ್ಲಿ ಒಂದನ್ನು ಬಿಟ್ಟು ಉಳಿದ ಕಂಪ್ಯೂಟರುಗಳೆಲ್ಲ ಮಿಂಟ್‌ನಲ್ಲೇ ಓಡುತ್ತವೆ. ಆ ಒಂದು ವಿಂಡೋಸ್. ವರ್ಷಗಟ್ಟಲೆಯ ಲಗ್ನಪತ್ರಿಕೆಗಳು ಕೋರೆಲ್‌ಡ್ರಾದಲ್ಲೂ ಪೇಜ್‌ಮೇಕರ್‌ನಲ್ಲೂ ಕೂತಿವೆ, ಅವನ್ನು ಬೇರೆ ಕಡೆ ತೆರೆಯುವ ಸಾಹಸ ನನಗೆ ಬೇಡ. ಉಳಿದ ಕೆಲಸ, ಅಂದರೆ ಕರಾರುಪತ್ರದ ಟೈಪಿಂಗ್, ಪಹಣಿ ಪ್ರಿಂಟ್, ಆನ್‌ಲೈನ್ ಅರ್ಜಿ, ಸ್ಕ್ಯಾನ್, ಇದಕ್ಕೆಲ್ಲ ಮಿಂಟ್ ಧಾರಾಳ ಸಾಕು. ನಮ್ಮಲ್ಲಿ ಟೈಪ್ ಮಾಡುವ ಅಕ್ಕನಿಗೆ ಆಪರೇಟಿಂಗ್ ಸಿಸ್ಟಮ್ ಎಂಬ ಪದವೇ ಬೇಡ. ಬೆಳಿಗ್ಗೆ ಬಟನ್ ಒತ್ತಿದರೆ ನಿನ್ನೆಯ ಕಡತ ನಿನ್ನೆ ಇದ್ದಲ್ಲೇ ಇರಬೇಕು, ಅಷ್ಟೇ. ಹೊಸ ಆವೃತ್ತಿ ಬಂದಾಗ ನಾನು ಮೊದಲು ನೆನೆಸಿಕೊಳ್ಳುವುದು ಅವರನ್ನು.

ಮಿಂಟ್ ಶುರುವಾದದ್ದು 2006ರಲ್ಲಿ, ಕ್ಲೆಮೆಂಟ್ ಲೆಫೆವ್ರ್ ಎಂಬವರ ಕೈಯಲ್ಲಿ. ಸರ್ವರು, ಮೋಡ, ಮೊಬೈಲು ಎಂದೆಲ್ಲ ಹರಡಿಕೊಳ್ಳದೆ ಮೇಜಿನ ಮೇಲಿನ ಕಂಪ್ಯೂಟರನ್ನೇ ಹಿಡಿದುಕೊಂಡ ವಿತರಣೆ ಇದು. ಉಬುಂಟುವಿನ ದೀರ್ಘಾವಧಿ ಬೆಂಬಲದ ಆವೃತ್ತಿ ಇದಕ್ಕೆ ಅಡಿಪಾಯ. ಹಾಗಾಗಿ ಎರಡು ವರ್ಷಕ್ಕೊಂದು ದೊಡ್ಡ ಬಿಡುಗಡೆ, ನಡುವೆ .1, .2, .3 ಎಂದು ಚಿಕ್ಕವು. ಪ್ರತಿಯೊಂದಕ್ಕೂ ‘ಆ’ಕಾರದಲ್ಲಿ ಮುಗಿಯುವ ಹೆಣ್ಣುಹೆಸರು. 21ರ ಸರಣಿ ವನೆಸ್ಸಾ, ವೆರಾ, ವಿಕ್ಟೋರಿಯಾ, ವರ್ಜೀನಿಯಾ. 22ರಲ್ಲಿ ವಿಲ್ಮಾ ಆದಮೇಲೆ 2025ರ ಜನವರಿಯಲ್ಲಿ ಶಿಯಾ, ಸೆಪ್ಟೆಂಬರಿನಲ್ಲಿ ಜಾರಾ ಬಂದರು.

ಬಿಡುಗಡೆಯ ಟಿಪ್ಪಣಿ ಉದ್ದವಿರುತ್ತದೆ. ಅದನ್ನು ಓದುವಾಗ ‘ಇದರಿಂದ ಅಕ್ಕನ ಕೈಗೆ ಏನಾದರೂ ತಾಗುತ್ತದೆಯೇ’ ಎಂಬುದೊಂದನ್ನೇ ಹುಡುಕುವುದು ನನ್ನ ಅಭ್ಯಾಸ. ವಿಲ್ಮಾದಲ್ಲಿ ಧ್ವನಿಯ ವ್ಯವಸ್ಥೆ ಪಲ್ಸ್‌ಆಡಿಯೊದಿಂದ ಪೈಪ್‌ವೈರ್‌ಗೆ ಬದಲಾಯಿತು. ಒಳಗಿನ ಲೆಕ್ಕದಲ್ಲಿ ಭಾರೀ ಬದಲಾವಣೆ, ಅಂಗಡಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಉಬುಂಟುವಿನವರು ಮೇಲ್ ತಂತ್ರಾಂಶ ಥಂಡರ್‌ಬರ್ಡನ್ನು ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪಕ್ಕೆ ಒಯ್ದಾಗ ಮಿಂಟ್‌ನವರು ಅದನ್ನು ಮೊದಲಿನಂತೆ ಡೆಬ್ ಪ್ಯಾಕೇಜಾಗಿ ತಾವೇ ಕಟ್ಟಿಕೊಟ್ಟರು. ಇದೂ ತಿಳಿಯಲಿಲ್ಲ, ಮೇಲ್ ಮೊದಲಿನ ಹಾಗೇ ತೆರೆಯಿತು. ಅಂಗಡಿಗೆ ತಾಗಿದ್ದು ಮಾತ್ರ ಯಾರೂ ದೊಡ್ಡದಾಗಿ ಹೇಳದ ಒಂದು ಸಂಗತಿ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಫ್ಲ್ಯಾಟ್‌ಪ್ಯಾಕ್ ರೂಪದ, ದೃಢೀಕರಣವಿಲ್ಲದ ತಂತ್ರಾಂಶಗಳು ಈಗ ಮರೆಯಲ್ಲಿರುತ್ತವೆ. ನಿನ್ನೆವರೆಗೆ ಸಿಗುತ್ತಿದ್ದ ತಂತ್ರಾಂಶ ಇವತ್ತು ಹುಡುಕಿದರೆ ಇಲ್ಲ ಅನ್ನಿಸಬಹುದು. ಸೆಟ್ಟಿಂಗಿನಲ್ಲಿ ಒಂದು ಗುಂಡಿ ಬದಲಿಸಿದರೆ ಕಾಣುತ್ತವೆ. ನಾನು ಬದಲಿಸಿಲ್ಲ. ಹತ್ತಾರು ಜನ ಪೆನ್‌ಡ್ರೈವ್ ಸಿಕ್ಕಿಸಿ ಹೋಗುವ ಯಂತ್ರದಲ್ಲಿ ಯಾರು ಕಟ್ಟಿದರೆಂದು ಗೊತ್ತಿಲ್ಲದ ತಂತ್ರಾಂಶ ಇಲ್ಲದಿದ್ದರೇ ಒಳ್ಳೆಯದು.

ಇನ್ನೊಂದು ಬದಲಾವಣೆ ಕರ್ನಲ್‌ನದು, ಅಂದರೆ ವ್ಯವಸ್ಥೆಯ ತಿರುಳಿನದು. 22ರ ತನಕ ಮಿಂಟ್‌ನ ಚಿಕ್ಕ ಬಿಡುಗಡೆಗಳು ಮೊದಲಿನ ಕರ್ನಲ್‌ಗೇ ಅಂಟಿಕೊಂಡಿರುತ್ತಿದ್ದವು, ಹೊಚ್ಚಹೊಸ ಯಂತ್ರ ಕೊಂಡವರು ‘ಎಡ್ಜ್’ ಎಂಬ ಬೇರೆ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಕಡತ) ಹುಡುಕಬೇಕಿತ್ತು. ಈಗ ಹಾಗಿಲ್ಲ. ವಿಲ್ಮಾ 6.8 ಕರ್ನಲ್‌ನೊಂದಿಗೆ ಬಂದರೆ ಜಾರಾ 6.14ರೊಂದಿಗೆ ಬಂತು. ಹೊಸ ಲ್ಯಾಪ್‌ಟಾಪ್ ಇದ್ದವರು ಸರಣಿಯ ತೀರಾ ಈಚಿನ ಐಎಸ್‌ಒ ಇಳಿಸಿಕೊಳ್ಳುವುದು ಲೇಸು. ಹಳೆ ಡೆಸ್ಕ್‌ಟಾಪಿಗೆ ಇದರಿಂದ ಅಂಥ ವ್ಯತ್ಯಾಸವಿಲ್ಲ.

ಆಷಾಢ ಸಿಕ್ಕಿತೆಂದು ಬಿಡುಗಡೆಯ ದಿನವೇ ಅಂಗಡಿಯ ಯಂತ್ರಕ್ಕೆ ಕೈ ಹಾಕುವವನಲ್ಲ ನಾನು. ಮೊದಲು ಮನೆಯ ಲ್ಯಾಪ್‌ಟಾಪ್, ಆಮೇಲೆ ಅಂಗಡಿಯದು. ಮಿಂಟ್‌ನವರೂ ಹೊಸ ಐಎಸ್‌ಒ ಮೊದಲು ಕೊಟ್ಟು, ಹಳೆಯದರಿಂದ ಏರುವ ದಾರಿಯನ್ನು ಆಮೇಲೆ ತೆರೆಯುತ್ತಾರೆ. ಅವರಿಗೇ ಇಲ್ಲದ ಅವಸರ ನಮಗೇಕೆ? 21ರಲ್ಲಿದ್ದವರು ಒಮ್ಮೆಗೇ ಮೇಲೇರಬೇಕೆಂಬ ಕಟ್ಟುಪಾಡೂ ಇಲ್ಲ, ಅದಕ್ಕೆ 2027ರ ಏಪ್ರಿಲ್ ತನಕ ಸುರಕ್ಷತಾ ಅಪ್‌ಡೇಟ್ ಬರುತ್ತದೆ. 20ರಲ್ಲೇ ಉಳಿದವರ ಕತೆ ಬೇರೆ. ಅದರ ಅವಧಿ 2025ರ ಏಪ್ರಿಲ್‌ನಲ್ಲಿ ಮುಗಿಯಿತು, ಅಲ್ಲಿಂದ 22ಕ್ಕೆ ನೇರ ಹಾರುವುದಕ್ಕೂ ಆಗದು. 21ನ್ನು ಹಾದೇ ಬರಬೇಕು, ಇಲ್ಲವೇ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು.

ಹೊಸ ಆವೃತ್ತಿಯನ್ನು ಪೆನ್‌ಡ್ರೈವ್‌ನಿಂದ ಲೈವ್ ಆಗಿ ಓಡಿಸಿ ನೋಡುವ ಸೌಲಭ್ಯವನ್ನು ಜನ ಸುಮ್ಮನೆ ಪೋಲು ಮಾಡುತ್ತಾರೆ. ಡೆಸ್ಕ್‌ಟಾಪ್ ಕಂಡಿತು, ವೈಫೈ ಹಿಡಿಯಿತು ಎಂದಕೂಡಲೇ ‘ಇನ್‌ಸ್ಟಾಲ್’ ಒತ್ತಿಬಿಡುತ್ತಾರೆ. ನಾನು ಲೈವ್‌ನಲ್ಲೇ ಪ್ರಿಂಟರ್ ಸಿಕ್ಕಿಸಿ ಒಂದು ಲೀಗಲ್ ಹಾಳೆ ಎರಡೂ ಬದಿ ಪ್ರಿಂಟ್ ತೆಗೆಯುತ್ತೇನೆ. ಈಚಿನ ಹೆಚ್ಚಿನ ಪ್ರಿಂಟರುಗಳಿಗೆ ಬೇರೆ ಡ್ರೈವರ್ ಬೇಕಾಗುವುದಿಲ್ಲ, ತಾವಾಗಿ ಗುರುತು ಹಚ್ಚಿಕೊಳ್ಳುತ್ತವೆ. ತೊಂದರೆ ಹಳೆಯವುಗಳದು. ನಮ್ಮಲ್ಲಿರುವ ಲೇಸರ್ ಪ್ರಿಂಟರಿಗೆ ಕಂಪನಿ ಎಂದೋ ಕೊಟ್ಟ ಡ್ರೈವರ್ ಪ್ಯಾಕೇಜು ಒಂದೇ ಆಧಾರ, ಅದೀಗ ಅವರ ತಾಣದಲ್ಲೂ ಸಿಗುವುದಿಲ್ಲ. ಅದರ ಪ್ರತಿಯನ್ನು ಅಂಗಡಿಯ ಲೈಸೆನ್ಸ್ ಕಾಗದಗಳಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಇನ್‌ಸ್ಟಾಲ್ ಮಾಡುವಾಗ ಪ್ರದೇಶ ಕೇಳಿದರೆ ಅಮೆರಿಕದ ಇಂಗ್ಲಿಷ್ ಬೇಡ, ಭಾರತದ ಇಂಗ್ಲಿಷ್ ಆರಿಸಿ. ಇಲ್ಲವಾದರೆ ಲಿಬ್ರೆಆಫೀಸ್ ಪ್ರತಿ ಹೊಸ ಹಾಳೆಯನ್ನೂ ಎ4 ಬದಲು ಲೆಟರ್ ಅಳತೆಯಲ್ಲಿ ತೆರೆಯುತ್ತದೆ. ಕೀಲಿಮಣೆಗೂ ‘ರೂಪಾಯಿ ಸಹಿತ’ ಭಾರತೀಯ ಇಂಗ್ಲಿಷ್ ಇದೆ, ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ₹ ಬರುತ್ತದೆ. ಕರಾರುಪತ್ರ ಟೈಪ್ ಮಾಡುವ ಕಡೆ ಇದು ದಿನಕ್ಕೆಷ್ಟೋ ಸಲ ಬೇಕು.

ಇನ್ನು ಕನ್ನಡ. ನಮ್ಮ ಅಕ್ಕ ಕೈ ಪಳಗಿಸಿಕೊಂಡದ್ದು ನುಡಿ ತಂತ್ರಾಂಶದಲ್ಲಿ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯಲ್ಲಿ. ಮಿಂಟ್‌ನ ಕೀಲಿಮಣೆ ಸೆಟ್ಟಿಂಗಿನಲ್ಲಿ ‘ಕನ್ನಡ ಕಗಪ’ ಎಂದೇ ಒಂದು ವಿನ್ಯಾಸ ಸಿಗುತ್ತದೆ. ಹೆಸರು ನೋಡಿ ಅದನ್ನೇ ಹಾಕಿಕೊಟ್ಟರೆ ಟೈಪ್ ಮಾಡುವವರು ತಡವರಿಸುತ್ತಾರೆ. ಅದು ಒಂದು ಕೀಲಿಗೆ ಒಂದೇ ಸಂಕೇತ ಕೊಡುವ ಏರ್ಪಾಡು. ಹಿಂದೆ ವ್ಯಂಜನ ಬಂದಿದೆಯೋ ಇಲ್ಲವೋ ನೋಡಿ ‘ಇ’ ಹಾಕಬೇಕೋ ಗುಡಿಸು ಹಾಕಬೇಕೋ ಎಂದು ತೀರ್ಮಾನಿಸಲು ಅದಕ್ಕೆ ಬಾರದು. ನುಡಿಯ ಕೈಗೆ ಬೇಕಾದದ್ದು ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆ, ಅದರೊಳಗೆ ಎಂ17ಎನ್, ಅದರಲ್ಲಿ ಕೆಜಿಪಿ. ಎಫ್ ಒತ್ತಿದರೆ ಒತ್ತಕ್ಷರ ಕೂಡುವ ಅದೇ ರೂಢಿ ಅಲ್ಲಿದೆ. ಹಾಕಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬರಬೇಕು.

ಟೈಪ್ ಆಯಿತು ಎಂದರೆ ಮುಗಿಯಲಿಲ್ಲ. ಹೊಸ ಆವೃತ್ತಿಯೊಡನೆ ಫಾಂಟುಗಳೂ ಬದಲಾಗುತ್ತವೆ. ಕಡತದಲ್ಲಿ ಹೇಳಿದ ಫಾಂಟ್ ಸಿಗದಿದ್ದರೆ ಯಂತ್ರ ಸದ್ದಿಲ್ಲದೆ ಇನ್ನೊಂದನ್ನು ಹಾಕಿಕೊಳ್ಳುತ್ತದೆ. ಲೋಹಿತ್‌ನಲ್ಲಿ ಹೊಂದಿ ಕೂತಿದ್ದ ಸಾಲು ನೋಟೊ ಸಾನ್ಸ್‌ನಲ್ಲಿ ಹೊಂದುವುದಿಲ್ಲ. ಮನೆಯಲ್ಲಿ ಓದುವ ಕಡತವಾದರೆ ಚಿಂತೆಯಿಲ್ಲ. ಆದರೆ ಛಾಪಾಕಾಗದದ ಮೇಲೆ ಮುದ್ರಿಸುವ ಕರಾರುಪತ್ರದಲ್ಲಿ ಮೊದಲ ಪುಟದ ಮೇಲ್ಭಾಗ ಖಾಲಿ ಬಿಟ್ಟು, ಮುದ್ರೆಯ ಕೆಳಗಿಂದಲೇ ಅಕ್ಷರ ಶುರುವಾಗಬೇಕು, ಸಾಕ್ಷಿಗಳ ಸಹಿ ಕೊನೆಯ ಪುಟದಲ್ಲೇ ಬರಬೇಕು. ಎರಡು ಸಾಲು ಸರಿದರೆ ಹಣ ಕೊಟ್ಟು ತಂದ ಕಾಗದ ಹಾಳು. ಅದಕ್ಕೇ ಪರೀಕ್ಷೆಗೆಂದು ಒಂದು ಹಾಳೆ ಮಾಡಿಟ್ಟಿದ್ದೇನೆ. ಲಕ್ಷ್ಮೀ, ಸ್ತ್ರೀ, ಅರ್ಘ್ಯ, ರಾಷ್ಟ್ರೀಯ, ರ‍್ಯಾಂಕ್, ಜೊತೆಗೆ ಒಂದು ಹಳೆಯ ಕರಾರುಪತ್ರ. ಮೊದಲಿನ ಆವೃತ್ತಿಯಲ್ಲಿ ಅದರ ಪಿಡಿಎಫ್ ತೆಗೆದಿಟ್ಟು, ಹೊಸದರಲ್ಲಿ ಮತ್ತೆ ತೆಗೆದು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ವಿಲ್ಮಾದ ಗುಣದೋಷ ಆ ಹಾಳೆಯಷ್ಟು ಚೆನ್ನಾಗಿ ಯಾವ ವಿಮರ್ಶೆಯೂ ನನಗೆ ಹೇಳಲಿಲ್ಲ. ಗುಬ್ಬಿ, ನವಿಲು ಫಾಂಟುಗಳನ್ನು ಹಾಕಿಕೊಂಡ ಮೇಲೆ ಎಲ್ಲ ಸರಿ ಕೂತಿತು.

ಹಳೆಯ ನುಡಿ ಕಡತಗಳದು ಇದಕ್ಕಿಂತ ದೊಡ್ಡ ತಲೆನೋವು. ಯುನಿಕೋಡ್‌ಗೆ ಮೊದಲಿನ ಆ ಕಡತಗಳ ಒಳಗಿರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ನುಡಿ ಫಾಂಟ್ ಎಂಬ ಮುಖವಾಡ ತೊಟ್ಟಾಗ ಮಾತ್ರ ಕನ್ನಡದಂತೆ ಕಾಣುತ್ತವೆ. ಹೊಸದಾಗಿ ಇನ್‌ಸ್ಟಾಲ್ ಮಾಡಿದ ಯಂತ್ರದಲ್ಲಿ ಅವನ್ನು ತೆರೆದವರು ಕಡತವೇ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ನಾವೇ ಹಾಕಿಕೊಂಡ ಫಾಂಟುಗಳು ಹೋಮ್ ಫೋಲ್ಡರಿನ ಒಳಗೆ, ಬರಿಗಣ್ಣಿಗೆ ಕಾಣದ ಉಪಫೋಲ್ಡರಿನಲ್ಲಿರುತ್ತವೆ. ಬರೀ ‘ಡಾಕ್ಯುಮೆಂಟ್ಸ್’ ನಕಲು ಮಾಡಿಕೊಂಡವರಿಗೆ ಅವು ಸಿಗುವುದಿಲ್ಲ. ಕಂಟ್ರೋಲ್ ಮತ್ತು ಎಚ್ ಒತ್ತಿ, ಮರೆಯಲ್ಲಿರುವುದನ್ನು ಕಾಣುವಂತೆ ಮಾಡಿಕೊಂಡು, ಫಾಂಟ್ ಸಮೇತ ಎತ್ತಿಡಿ. ಪುರಸೊತ್ತಿದ್ದಾಗ ಒಂದೊಂದೇ ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸುತ್ತ ಬನ್ನಿ. ಅದಕ್ಕೆ ಉಚಿತ ಪರಿವರ್ತಕಗಳಿವೆ. ಅರ್ಕಾವತ್ತಿನ ಹತ್ತಿರ ಮಾತ್ರ ಕಣ್ಣಿಟ್ಟಿರಬೇಕು.

ಮೇಲ್ದರ್ಜೆಗೆ ಏರಿಸುವ ಮಿಂಟ್‌ನದೇ ಉಪಕರಣ ಒಂದು ಶಿಸ್ತಿನ ಮನುಷ್ಯ. ಟೈಮ್‌ಶಿಫ್ಟ್ ಸ್ನ್ಯಾಪ್‌ಶಾಟ್ ತೆಗೆಯದೆ ಮುಂದಕ್ಕೆ ಬಿಡುವುದಿಲ್ಲ. ಆದರೆ ಇಲ್ಲೊಂದು ತಪ್ಪು ತಿಳಿವಳಿಕೆ ಊರೆಲ್ಲ ಹಬ್ಬಿದೆ. ಟೈಮ್‌ಶಿಫ್ಟ್ ಕಾಪಾಡುವುದು ವ್ಯವಸ್ಥೆಯ ಕಡತಗಳನ್ನು. ನಾವೇ ಹೇಳಿ ಸೇರಿಸದ ಹೊರತು ಹೋಮ್ ಫೋಲ್ಡರಿನ ಕಡತ, ಫೋಟೊ, ಲೆಕ್ಕ ಯಾವುದನ್ನೂ ಅದು ಮುಟ್ಟುವುದಿಲ್ಲ. ಅವುಗಳ ಪ್ರತಿ ಇಡಲು ಬೇರೆ ಹಾರ್ಡ್‌ಡಿಸ್ಕ್ ಬೇಕು, ಮತ್ತು ಆ ಹಾರ್ಡ್‌ಡಿಸ್ಕ್ ಅಂಗಡಿಯ ಬದಲು ಮನೆಯಲ್ಲಿದ್ದರೆ ಮಲೆನಾಡಿನ ಗುಡುಗು-ಸಿಡಿಲಿನ ದಿನಗಳಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ.

ಅಂಗಡಿಯ ಯಂತ್ರವನ್ನು ಏರಿಸುವ ಕೆಲಸ ಮುಗಿದ ಮಾರನೆಯ ಬೆಳಿಗ್ಗೆ ಅಕ್ಕ ಬಂದು ಕೂತು, ಒಂದು ಬಾಡಿಗೆ ಕರಾರು ಟೈಪ್ ಮಾಡಿ, ಪ್ರಿಂಟ್ ತೆಗೆದು, ‘ಎಂತ ಹೊಸತು ಇದರಲ್ಲಿ? ಅದೇ ಅಲ್ದ?’ ಎಂದರು. ವಿಲ್ಮಾ ಪಾಸಾಯಿತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಹಳೆ ಕಂಪ್ಯೂಟರ್ ಹಿಡಿದು ‘ಇದಕ್ಕೂ ನಿಮ್ಮದನ್ನೇ ಹಾಕಿಕೊಡಿ’ ಎನ್ನುವವರು ಹೆಚ್ಚಾಗಿದ್ದಾರೆ. ವಿಂಡೋಸ್ 11 ಆ ಯಂತ್ರಗಳಲ್ಲಿ ಹೆಚ್ಚಿನವನ್ನು ಒಪ್ಪುವುದಿಲ್ಲ, ಮಿಂಟ್‌ಗೆ 4 ಜಿಬಿ ರ‍್ಯಾಮ್ ಇದ್ದರೆ ಆಯಿತು. ಆದರೂ ನಾನು ಮೊದಲು ಅವರು ಏನು ಕೆಲಸ ಮಾಡುತ್ತಾರೆಂದು ಕೇಳುತ್ತೇನೆ. ವಿಂಡೋಸ್‌ಗಷ್ಟೇ ಬರೆದ ಲೆಕ್ಕದ ತಂತ್ರಾಂಶ ನಂಬಿದ ಅಂಗಡಿಯವರಿಗೆ, ಕೋರೆಲ್‌ಡ್ರಾ ಬಿಡಲಾಗದವರಿಗೆ ಬೇಡ ಎಂದೇ ಹೇಳಿ ಕಳಿಸುತ್ತೇನೆ. ಬ್ರೌಸರ್, ಬ್ಯಾಂಕ್, ಮಕ್ಕಳ ಪಾಠ, ಯೂಟ್ಯೂಬ್ ಎನ್ನುವವರಿಗೆ ಅನುಮಾನಿಸದೆ ಹಾಕಿಕೊಡುತ್ತೇನೆ, ಎಸ್‌ಎಸ್‌ಡಿ ಇಲ್ಲದಿದ್ದರೆ ಅದನ್ನೊಂದು ತರಲು ಹೇಳಿ.

ಒಂದು ಕೊರತೆ ಉಳಿದಿದೆ, ಅದು ಮಿಂಟ್‌ನವರದಲ್ಲ. ಮೆನುಗಳನ್ನು ಕನ್ನಡಕ್ಕೆ ಬದಲಿಸಿದರೆ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಕಾಣುತ್ತದೆ. ಅದಕ್ಕೇ ಅಂಗಡಿಯಲ್ಲಿ ಇನ್ನೂ ಇಂಗ್ಲಿಷ್ ಮೆನುವನ್ನೇ ಇಟ್ಟುಕೊಂಡಿದ್ದೇವೆ. ಮಿಂಟ್‌ನ ಅನುವಾದ ನಡೆಯುವುದು ಲಾಂಚ್‌ಪ್ಯಾಡ್ ಎಂಬಲ್ಲಿ. ಅಲ್ಲಿ ಯಾರು ಬೇಕಾದರೂ ಖಾತೆ ತೆರೆದು ಅನುವಾದ ಸೂಚಿಸಬಹುದು, ಪ್ರೋಗ್ರಾಮಿಂಗ್ ಬರಬೇಕೆಂದಿಲ್ಲ, ಬ್ರೌಸರ್ ಇದ್ದರೆ ಸಾಕು. ಕನ್ನಡ ಚೆನ್ನಾಗಿ ಬಲ್ಲ ಮೇಷ್ಟರು, ವಿದ್ಯಾರ್ಥಿಗಳು, ನಿವೃತ್ತರು ದಿನಕ್ಕೆ ಹತ್ತು ಸಾಲು ಮಾಡಿದರೂ ಮುಂದಿನ ಬಿಡುಗಡೆಯನ್ನು ಕನ್ನಡದಲ್ಲೇ ಹಾಕಿಕೊಡಬಹುದು. ದಯವಿಟ್ಟು ಒಮ್ಮೆ ಹೋಗಿ ನೋಡಿ.