ಒಗ್ಗರಣೆ ಬೇಡದ ಹಬ್ಬದಡುಗೆ: ಲೈಡನ್ ನಗರದ ಅನುಭವ

ನೆದರ್‌ಲೆಂಡ್ಸ್‌ನ ಲೈಡನ್ ನಗರದಲ್ಲಿ ಪ್ರತಿವರ್ಷ ಅಕ್ಟೋಬರ್ 3ರಂದು ನಡೆಯುವ ‘ಲೈಡನ್ಸ್ ಒಂಟ್‌ಜೆಟ್’, ಅಂದರೆ ಲೈಡನ್ನಿನ ಮುತ್ತಿಗೆ ತೆರವಾದ ದಿನದ ಹಬ್ಬವು ಸುಗ್ಗಿಗೆ ಸೇರಿದ್ದಲ್ಲ, ಯಾವ ಸಂತನ ಹೆಸರಿನದೂ ಅಲ್ಲ. ಅದು ಊರಿನ ಹಸಿವು ಹಿಂಗಿದ ದಿನದ ನೆನಪು. ಸ್ಪೇನಿನ ಸೈನ್ಯವು 1574ರ ಮೇ ತಿಂಗಳ ಕೊನೆಯಲ್ಲಿ ಎರಡನೆಯ ಬಾರಿ ನಗರವನ್ನು ಮುತ್ತಿ ದವಸ ಬರುವ ದಾರಿಗಳನ್ನೆಲ್ಲ ಮುಚ್ಚಿದಾಗ ಸಾವಿರಾರು ಜನ ಹಸಿವಿನಿಂದಲೂ ರೋಗದಿಂದಲೂ ಸತ್ತರು. ಸ್ಪೇನಿನ ವಿರುದ್ಧದ ಬಂಡಾಯದ ನಾಯಕನಾಗಿದ್ದ ಆರೆಂಜಿನ ವಿಲಿಯಂನ ಕಡೆಯವರು ಕೊನೆಗೆ ಒಡ್ಡುಗಳನ್ನು ತಾವೇ ಕಡಿದು ತಗ್ಗಿನ ಹೊಲಗಳ ಮೇಲೆ ನೀರು ಹರಿಯಬಿಟ್ಟರು. ಬಿರುಗಾಳಿಯೊಂದು ಆ ನೀರನ್ನು ನಗರದ ಕಡೆಗೆ ತಳ್ಳಿದ್ದರಿಂದ ‘ಕಡಲ ಭಿಕ್ಷುಕರು’ ಎಂದು ಹೆಸರಾಗಿದ್ದ ಬಂಡಾಯದ ನಾವಿಕರ ಚಪ್ಪಟೆ ತಳದ ದೋಣಿಗಳು ಊರಿನವರೆಗೆ ತೇಲಿ ಬರುವಂತಾಯಿತು, ಮುತ್ತಿಗೆ ಹಾಕಿದವರು ರಾತ್ರೋರಾತ್ರಿ ಕಾಲ್ತೆಗೆದರು. ದೋಣಿಗಳು ತಂದದ್ದು ಹೆರಿಂಗ್ ಎಂಬ ಉಪ್ಪುಹಾಕಿದ ಮೀನನ್ನು ಮತ್ತು ಬಿಳಿ ಬ್ರೆಡ್ಡನ್ನು. ಇವೆರಡನ್ನೂ ಇಂದಿಗೂ ಆ ಬೆಳಗ್ಗೆ, ಹಿಂದೆ ಸರಕು ತೂಗುತ್ತಿದ್ದ ‘ವಾಗ್’ ಎಂಬ ಕಟ್ಟಡದಲ್ಲಿ ಹಂಚುತ್ತಾರೆ.

ಹಬ್ಬದ ಮೂರನೆಯ ತಿನಿಸು ‘ಹುಟ್ಸ್‌ಪಾಟ್’. ಕೋರ್ನೆಲಿಸ್ ಎಂಬ ಅನಾಥ ಹುಡುಗನೊಬ್ಬ ಸ್ಪೇನಿನವರು ಬಿಟ್ಟೋಡಿದ ಕೋಟೆದಿಬ್ಬಕ್ಕೆ ಹೋಗಿ ನೋಡಿದಾಗ ಅಲ್ಲಿ ತರಕಾರಿ ಮಾಂಸ ಬೆರೆತ ಅಡುಗೆಯ ಪಾತ್ರೆ ಸಿಕ್ಕಿತೆಂಬುದು ದಂತಕಥೆ. ಆ ಪಾತ್ರೆಯೇ ಇದು ಎಂದು ಹೇಳಲಾಗುವ ಒಂದು ಪಾತ್ರೆ ನಗರದ ಲಾಕೆನ್‌ಹಾಲ್ ವಸ್ತುಸಂಗ್ರಹಾಲಯದಲ್ಲಿದೆ. ಇಂದಿನ ಹುಟ್ಸ್‌ಪಾಟ್ ಎಂದರೆ ಆಲೂಗೆಡ್ಡೆ, ಕ್ಯಾರೆಟ್, ಈರುಳ್ಳಿಗಳನ್ನು ಒಟ್ಟಿಗೆ ಬೇಯಿಸಿ ಕಿವುಚಿದ ಮುದ್ದೆ, ಪಕ್ಕದಲ್ಲಿ ನಿಧಾನವಾಗಿ ಬೇಯಿಸಿದ ದನದ ಮಾಂಸ. ಆದರೆ 1574ರಲ್ಲಿ ಅಲ್ಲಿನ ಅಡುಗೆಮನೆಗಳಲ್ಲಿ ಆಲೂಗೆಡ್ಡೆ ಇನ್ನೂ ಬಳಕೆಗೆ ಬಂದಿರಲಿಲ್ಲ. ಆ ಜಾಗದಲ್ಲಿದ್ದುದು ಪಾರ್ಸ್‌ನಿಪ್, ಕ್ಯಾರೆಟ್ಟಿನಂತೆಯೇ ಕಾಣುವ, ಬೆಳ್ಳಗಿನ, ತುಸು ಸಿಹಿಯಾದ ಗೆಡ್ಡೆ. ಸಂಪ್ರದಾಯವೆಂದು ಇಂದು ಹೇಳುವ ಪಾಕದಲ್ಲಿ ಅರ್ಧದಷ್ಟು ನಂತರ ಬಂದು ಸೇರಿದ್ದು. ಮೆಣಸಿನಕಾಯಿಯಿಲ್ಲದ ಸಾರನ್ನು ಊಹಿಸಿಕೊಳ್ಳಲಾಗದ ಕನ್ನಡಿಗರಿಗೆ ಇದು ಹೊಸ ಸಂಗತಿಯೇನಲ್ಲ, ಏಕೆಂದರೆ ಆ ಕಾಯಿಯೂ ಅಮೆರಿಕ ಖಂಡದಿಂದಲೇ ಬಂದದ್ದು.

ಇಂಥ ನಗರಕ್ಕೆ ಕರ್ನಾಟಕದಿಂದ ಹೋಗಿ ನೆಲೆಸಿದವರಿಗೆ ಎದುರಾಗುವ ಮೊದಲ ತೊಡಕು ಹಬ್ಬದ್ದಲ್ಲ, ಒಲೆಯದು. ಈ ಲೇಖಕಿಯ ಬಾಡಿಗೆ ಮನೆಯಲ್ಲಿದ್ದುದು ಇಂಡಕ್ಷನ್ ಒಲೆ. ಊರಿನಿಂದ ಜೋಪಾನವಾಗಿ ಒಯ್ದ ದುಂಡು ತಳದ ಒಗ್ಗರಣೆ ಸೌಟನ್ನು ಅದು ಪಾತ್ರೆಯೆಂದೇ ಒಪ್ಪಲಿಲ್ಲ. ಚಪ್ಪಟೆ ತಳದ ಪುಟ್ಟ ಬಾಣಲೆಯಲ್ಲಿ ಒಣಮೆಣಸಿನಕಾಯಿ ಹಾಕಿದರೆ ಘಾಟು ಏಳುವ ಮೊದಲೇ ಚಾವಣಿಯಲ್ಲಿನ ಹೊಗೆಯ ಎಚ್ಚರಿಕೆ ಗಂಟೆ ಕಿರುಚತೊಡಗುತ್ತಿತ್ತು. 2022ರ ಜುಲೈ 1ರಿಂದ ಅಲ್ಲಿನ ಪ್ರತಿ ಮನೆಯ ಪ್ರತಿ ಅಂತಸ್ತಿನಲ್ಲೂ ಆ ಗಂಟೆ ಕಡ್ಡಾಯವಾಗಿದೆ. ದೋಸೆ ಹಿಟ್ಟು ಚಳಿಗೆ ಹುದುಗು ಬರದಾಗ ಓವನ್ನಿನೊಳಗೆ ದೀಪ ಮಾತ್ರ ಹೊತ್ತಿಸಿ ರಾತ್ರಿಯಿಡೀ ಇಡುವ ಉಪಾಯವನ್ನು ಶೀತದೇಶಗಳ ಕನ್ನಡಿಗರೆಲ್ಲ ಬಲ್ಲರು, ಅದನ್ನು ವಿಸ್ತರಿಸಬೇಕಾಗಿಲ್ಲ. ಅದಕ್ಕಿಂತ ಉಪಯುಕ್ತವಾದ ತಿಳಿವಳಿಕೆ ಅಂಗಡಿಯ ಆಲೂಗೆಡ್ಡೆ ಚೀಲದ ಮೇಲಿರುತ್ತದೆ: ‘ಕ್ರೌಮಿಖ್’ ಎಂದಿದ್ದರೆ ಬೆಂದು ಹಿಟ್ಟಿನಂತೆ ಉದುರುವಂಥದು, ‘ವಾಸ್ಟ್‌ಕೋಕೆಂಡ್’ ಎಂದಿದ್ದರೆ ಹೋಳು ಒಡೆಯದೆ ಗಟ್ಟಿಯಾಗಿ ನಿಲ್ಲುವಂಥದು. ಮೊದಲನೆಯದು ಹುಟ್ಸ್‌ಪಾಟಿಗೆ, ಎರಡನೆಯದು ಪಲ್ಯಕ್ಕೆ. ಈ ಎರಡು ಪದಗಳನ್ನು ಓದಲು ಬಾರದೆ ಮೊದಲ ಚಳಿಗಾಲವೆಲ್ಲ ದೋಸೆಯ ಪಲ್ಯ ಗೊಜ್ಜಾಗುತ್ತಲೇ ಇತ್ತು.

ಪರದೇಶದ ಪೇಟೆಯಲ್ಲಿ ಪರಿಚಿತವಾದುದು ಸಿಕ್ಕಾಗ ಅದನ್ನು ಅದೃಷ್ಟವೆಂದು ಎಣಿಸುವುದು ವಾಡಿಕೆ, ಆದರೆ ಅದು ಬಹುಪಾಲು ಇತಿಹಾಸ. ‘ಟೋಕೊ’ ಎಂಬುದು ಮಲಯ ಭಾಷೆಯಲ್ಲಿ ಅಂಗಡಿಗೆ ಇರುವ ಹೆಸರು. ಇಂಡೊನೇಷ್ಯಾ ಡಚ್ಚರ ವಸಾಹತಾಗಿದ್ದ ಕಾಲದ ನಂಟಿನಿಂದಾಗಿ ಅದು ಡಚ್ ಮಾತಾಯಿತು, ಏಷ್ಯಾದ ದಿನಸಿ ಮಾರುವ ಅಂಗಡಿಗಳಿಗೆಲ್ಲ ಈಗ ಅದೇ ಹೆಸರು. ಹುಣಸೆ, ತೆಂಗಿನ ಹಾಲು ಅಲ್ಲಿ ಸಿಗುತ್ತವೆ. ಅದೇ ಕಪಾಟಿನಲ್ಲಿ ಹಾಗಲಕಾಯಿಯು ‘ಸೊಪ್ರೊಪೊ’ ಎಂಬ ಸುರಿನಾಮಿನ ಹೆಸರು ಹೊತ್ತು, ಮಾರುದ್ದದ ಅಲಸಂದೆ ಕಾಯಿಯು ‘ಕೌಸೆಬಾಂಡ್’, ಅಂದರೆ ಕಾಲುಚೀಲ ಕಟ್ಟುವ ಪಟ್ಟಿ ಎಂಬ ಹೆಸರಿನಲ್ಲಿ ಕುಳಿತಿರುತ್ತವೆ. ದಕ್ಷಿಣ ಅಮೆರಿಕದ ಡಚ್ ವಸಾಹತಾಗಿದ್ದ ಸುರಿನಾಮಿನಲ್ಲಿ 1863ರಲ್ಲಿ ಗುಲಾಮಗಿರಿ ರದ್ದಾದ ಬಳಿಕ, ತೋಟಗಳ ದುಡಿಮೆಗೆಂದು 1873ರಲ್ಲಿ ‘ಲಾಲಾ ರೂಖ್’ ಹಡಗಿನಿಂದ ಮೊದಲ್ಗೊಂಡು ಕರಾರಿನ ಕೂಲಿಗಳಾಗಿ ಉತ್ತರ ಭಾರತದವರನ್ನು ಸಾಗಿಸಲಾಯಿತು. ಆ ದೇಶ 1975ರಲ್ಲಿ ಸ್ವತಂತ್ರವಾಗುವ ಹೊತ್ತಿಗೆ ಅವರ ಸಂತತಿಯವರಲ್ಲಿ ಬಹಳ ಮಂದಿ ನೆದರ್‌ಲೆಂಡ್ಸ್‌ಗೆ ಬಂದು ನೆಲೆಸಿದರು. ಲೈಡನ್ನಿನಲ್ಲಿ ಹಾಗಲಕಾಯಿ ಗೊಜ್ಜು ಮಾಡಲು ಸಾಧ್ಯವಾಗಿರುವುದು ಎರಡು ಸಾಗರ ದಾಟಿದ ಈ ಕೂಲಿಗಳ ಮೊಮ್ಮಕ್ಕಳು ಅಲ್ಲಿ ಕೊಳ್ಳುತ್ತಾರೆ ಎಂಬುದರಿಂದಲೇ ಹೊರತು ಇತ್ತೀಚೆಗೆ ಬಂದ ಸಾಫ್ಟ್‌ವೇರ್ ಕುಟುಂಬಗಳಿಂದಲ್ಲ.

ಡಚ್ಚರದೇ ಆದ ಪದಾರ್ಥಗಳಲ್ಲೂ ಬಂಧುಗಳಿವೆ. ‘ಕಾರ್ನೆಮೆಲ್ಕ್’ ಎಂಬ ಪದದ ಅರ್ಥವೇ ಕಡೆದ ಹಾಲು. ಈಗ ಅದನ್ನು ಹೆಚ್ಚಾಗಿ ಹಾಲಿಗೆ ಹೆಪ್ಪು ಹಾಕಿಯೇ ತಯಾರಿಸಿ ಮಾರುತ್ತಾರಾದರೂ ಹುಳಿಯೂ ತಿಳುವೂ ನಮ್ಮ ಮಜ್ಜಿಗೆಗೆ ಸಮೀಪ. ಹಾಗೆಯೇ ಕುದಿಸಿದರೆ ಒಡೆಯುತ್ತದೆ. ನೆನೆಸಿದ ಕಡ್ಲೆಬೇಳೆ, ಕಾಯಿತುರಿ, ಹಸಿಮೆಣಸಿನಕಾಯಿ ರುಬ್ಬಿ ಮೊದಲೇ ಬೆರೆಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿದ್ದರೆ ಮಜ್ಜಿಗೆಹುಳಿ ಊರಿನಂತೆಯೇ ಇಳಿಯುತ್ತದೆ. ಲೈಡನ್ನಿನ ಹೆಸರಿನ ಚೀಸಿಗೆ ಜೀರಿಗೆ ಹಾಕುವ ವಾಡಿಕೆಯಿದೆ, ಸುತ್ತಲಿನ ಹಳ್ಳಿಗಳಲ್ಲಿ ಮಾಡಿದ್ದಕ್ಕೆ ನಗರದ ಲಾಂಛನವಾದ ಅಡ್ಡಹಾಕಿದ ಎರಡು ಬೀಗದ ಕೈಗಳ ಮುದ್ರೆಯೂ ಬೀಳುತ್ತದೆ. ಜೀರಿಗೆಯನ್ನು ಭಾರತದಿಂದ ಹೊತ್ತು ಹೋಗಬೇಕೆಂದುಕೊಂಡವರಿಗೆ ಇದೊಂದು ತಮಾಷೆ.

ಈ ಬಾಂಧವ್ಯದ ಉತ್ಸಾಹವೇ ಮುಂದಿನ ತಪ್ಪಿಗೆ ಕಾರಣವಾಯಿತು. ಮೊದಲ ಅಕ್ಟೋಬರಿನಲ್ಲಿ ಲೇಖಕಿಯು ಹುಟ್ಸ್‌ಪಾಟ್ ಮಾಡಿ, ಮಾಂಸ ಬಿಟ್ಟು, ಮೇಲೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಹಾಕಿ, ನಿಂಬೆ ಹಿಂಡಿ, ಸ್ಟೀಲ್ ಡಬ್ಬಿಯಲ್ಲಿ ನೆರೆಮನೆಯ ವೃದ್ಧೆಗೆ ಕೊಟ್ಟುಬಂದರು. ಆಕೆ ಬಾಗಿಲಲ್ಲೇ ಒಂದು ಚಮಚ ತಿಂದು, ಬಹಳ ರುಚಿಯಾಗಿದೆ, ಆದರೆ ಇದು ಹುಟ್ಸ್‌ಪಾಟ್ ಅಲ್ಲ ಎಂದರು. ಮುಖದಲ್ಲಿ ಕೋಪವೂ ಇರಲಿಲ್ಲ, ನಗುವೂ ಇರಲಿಲ್ಲ. ಡಬ್ಬಿಯು ತೊಳೆದು ಒರೆಸಿ, ಸಂಜೆಯೊಳಗೆ ಬರಿದಾಗಿ ಹಿಂದಿರುಗಿತು. ಪಾತ್ರೆಯನ್ನು ಬರಿದಾಗಿ ಮರಳಿಸಬಾರದು, ಏನಿಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು ಎಂಬ ನಡವಳಿಕೆಯಲ್ಲಿ ಬೆಳೆದವರಿಗೆ ಆ ಖಾಲಿ ಡಬ್ಬಿ ಮಾತಿಗಿಂತ ಹೆಚ್ಚು ಚುಚ್ಚಿತು. ಇನ್ನೊಬ್ಬರ ಪಾತ್ರೆಯನ್ನು ಒಂದು ದಿನವೂ ಇಟ್ಟುಕೊಳ್ಳದೆ ತೊಳೆದು ತಲುಪಿಸುವುದೇ ಅಲ್ಲಿ ಮರ್ಯಾದೆಯೆಂಬುದು ತಿಳಿದದ್ದು ಎಷ್ಟೋ ತಿಂಗಳ ಮೇಲೆ.

ವೃದ್ಧೆಯ ತೀರ್ಪು ಸರಿಯಾಗಿತ್ತು. ಹುಟ್ಸ್‌ಪಾಟಿನ ಸಪ್ಪೆತನವನ್ನು ಡಚ್ಚರ ಅಡುಗೆಯ ಬಡತನವೆಂದು ಹೀಗಳೆಯುವ ವಲಸಿಗರು, ಯುಗಾದಿಯ ಬೇವು–ಬೆಲ್ಲದಲ್ಲಿ ಬೇವನ್ನು ಬಿಟ್ಟು ದ್ರಾಕ್ಷಿ, ಗೋಡಂಬಿ ಸೇರಿಸಿ ಸುಧಾರಿಸಲು ಬರುವ ಅತಿಥಿಯನ್ನು ಒಮ್ಮೆ ಕಲ್ಪಿಸಿಕೊಳ್ಳಬೇಕು. ಅದು ಆಗ ಹೆಚ್ಚು ರುಚಿಯಾದೀತು, ಯುಗಾದಿಯದಾಗದು. ಹುಟ್ಸ್‌ಪಾಟ್ ಸಹ ಅದೇ ಜಾತಿಯದು: ತಿಂಗಳುಗಟ್ಟಲೆ ಏನೂ ಇಲ್ಲದವರಿಗೆ ಶತ್ರುವಿನ ಒಲೆಯ ಮೇಲೆ ಸಿಕ್ಕಿದ ತರಕಾರಿ ಎಂದೇ ಅದನ್ನು ನೆನೆಯಲಾಗುತ್ತದೆ, ಅದಕ್ಕೆ ಮಸಾಲೆ ಇಲ್ಲದಿರುವುದು ಕೊರತೆಯಲ್ಲ. ಮರುವರ್ಷ ವೃದ್ಧೆಯೇ ಅಡುಗೆಮನೆಗೆ ಬಂದು ಕಲಿಸಿದ ಅಳತೆ ಹೀಗಿತ್ತು: ಒಂದು ಕಿಲೋ ಉದುರುವ ಆಲೂಗೆಡ್ಡೆಗೆ ಅಷ್ಟೇ ತೂಕದ ದಪ್ಪ ಚಳಿಗಾಲದ ಕ್ಯಾರೆಟ್, ನಾಲ್ಕು ಈರುಳ್ಳಿ, ಬೆಣ್ಣೆ, ಉಪ್ಪು, ಕರಿಮೆಣಸು, ನುಣ್ಣಗೆ ಅರೆಯಬಾರದು, ಹೋಳಿನ ಗುರುತು ಸಿಗುವಷ್ಟೇ ಕಿವುಚಬೇಕು. ಒಗ್ಗರಣೆ ಹಾಕಿದ್ದನ್ನು ಆ ಮೇಲೆ ಈ ಮನೆಯಲ್ಲಿ ಕ್ಯಾರೆಟ್ ಪಲ್ಯವೆಂದೇ ಕರೆಯಲಾಗುತ್ತದೆ, ಆ ಹೆಸರಿನಲ್ಲಿ ಕೊಟ್ಟಾಗ ವೃದ್ಧೆ ಎರಡನೆಯ ಸಲ ಕೇಳಿ ಹಾಕಿಸಿಕೊಂಡದ್ದೂ ಉಂಟು.

ಎರಡು ಪಂಚಾಂಗಗಳು ಒಮ್ಮೊಮ್ಮೆ ಢಿಕ್ಕಿ ಹೊಡೆಯುತ್ತವೆ. ಮುತ್ತಿಗೆ ತೆರವಾಗಿ 450 ವರ್ಷ ತುಂಬಿದ 2024ರ ಅಕ್ಟೋಬರ್ 3ರಂದೇ ನವರಾತ್ರಿಯೂ ಆರಂಭವಾಯಿತು. ಬೊಂಬೆ ಕೂರಿಸಿದ ಮನೆಯಲ್ಲಿ ಒಂಬತ್ತು ದಿನ ಈರುಳ್ಳಿಯಿಲ್ಲ, ಈರುಳ್ಳಿಯಿಲ್ಲದ ಹುಟ್ಸ್‌ಪಾಟ್ ಇಲ್ಲ. ಹೆರಿಂಗನ್ನು ಬಿಟ್ಟು ಬರಿಯ ಬ್ರೆಡ್ ತಿಂದು ಹಬ್ಬ ಮುಗಿಸುವ ಯೋಚನೆಯಲ್ಲಿದ್ದಾಗ, ಈರುಳ್ಳಿಯ ಬದಲು ಪಾರ್ಸ್‌ನಿಪ್ ಹಾಕಿದರೆ ಅದು ಕೋರ್ನೆಲಿಸನ ಪಾತ್ರೆಗೆ ಇನ್ನೂ ಹತ್ತಿರವಾದೀತೆಂಬ ಸಲಹೆ ಬಂದದ್ದು ಆ ವೃದ್ಧೆಯಿಂದಲೇ. ಯಾವುದು ಹುಟ್ಸ್‌ಪಾಟ್, ಯಾವುದು ಅಲ್ಲ ಎಂದು ಹೇಳುವ ಹಕ್ಕು ಆಕೆಯದು. ಸಡಿಲಿಸುವ ಹಕ್ಕೂ ಆಕೆಯದೇ ಆಗಿತ್ತು.

ಈ ಹಬ್ಬವನ್ನು ನೋಡಬಯಸುವವರು ಅಕ್ಟೋಬರ್ 2ರ ಸಂಜೆಯೇ ಲೈಡನ್ ತಲುಪುವುದು ಒಳ್ಳೆಯದು, ಬೆಳಗ್ಗೆ ಏಳಕ್ಕೇ ನಗರಸಭೆಯ ಮುಂದೆ ಜನ ಸೇರಿಬಿಡುತ್ತಾರೆ. 3ನೆಯ ತಾರೀಕು ಭಾನುವಾರ ಬಂದರೆ ಹಬ್ಬವನ್ನು ಸೋಮವಾರಕ್ಕೆ ಮುಂದೂಡುವ ಪದ್ಧತಿಯಿದೆ. 2027ರಲ್ಲಿ ಅದು ಭಾನುವಾರ ಬೀಳುತ್ತದೆ.